ಹೇಳಿದವರ ಹೆಸರು ಬಿಡದ ಈರಬೊಮ್ಮ

“ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಪದುಮಲೆಯ ಮೂರು ಒಗಟು ಬಿಡಿಸಿದವನೇ ಅವಳ ಗಂಡ, ಅರ್ಧ ರಾಜ್ಯದ ಒಡೆಯ. ಸೋತವನ ತಲೆ ಹುಣ್ಣಿಮೆಯ ದಿನ ಕತ್ತಿಯ ಪಾಲು!”

ಡಂಗುರ ಕೇಳಿದ್ದೇ ತಡ, ಊರ ಪಂಡಿತರಿಗೆಲ್ಲ ಜ್ವರ ಬಂತು. ತಲೆ ಯಾರಿಗೆ ಬೇಡ ಹೇಳಿ? ಕಡೆಗೆ ಬಂದವರು ಇಬ್ಬರೇ.

ಮೊದಲು ಮಾದರಸ ಬಂದ. “ಕದ್ದರೂ ಒಡೆಯನ ಹತ್ತಿರವೇ ಇರುತ್ತದೆ, ಆದರೂ ಕದ್ದವನು ಕಳ್ಳನೇ. ಏನದು?” ಎಂದಳು ಪದುಮಲೆ. “ಇನ್ನೊಬ್ಬರ ಮಾತು,” ಅಂದ. ಸರಿ. “ಸತ್ತು ನೂರು ವರ್ಷವಾದರೂ ಮಾತಾಡುತ್ತಾನೆ. ಹೆಸರು ಅಳಿಸಿದರೆ ಮತ್ತೆ ಸಾಯುತ್ತಾನೆ. ಯಾರವನು?” ಮಹಾನುಭಾವ “ದೆವ್ವ” ಅಂದುಬಿಟ್ಟ! ನೇರ ಸೆರೆಮನೆಗೆ ಹೋದ.

ಮರುದಿನ ಕೇತಣ್ಣ ಬಂದ. ಮೊದಲನೆಯದಕ್ಕೆ ಮಾದರಸನ ಉತ್ತರವನ್ನೇ ಒಪ್ಪಿಸಿ, “ನನಗೇ ಹೊಳೆದದ್ದು” ಎಂದು ಮೀಸೆ ತಿರುವಿದ. ಎರಡನೆಯದಕ್ಕೆ “ಗ್ರಂಥ ಬರೆದವನು” ಅಂದ. ಅದು ಸರಿ, ಅವನ ಸ್ವಂತದ್ದೂ ಹೌದು. ಮೂರನೆಯದು ಹೀಗಿತ್ತು: “ಎರಡೇ ಪದ. ಆಡಿದವನ ಜಂಬ ಹೋಗುತ್ತದೆ, ಮಾನ ಉಳಿಯುತ್ತದೆ. ಯಾವ ಮಾತು?” ಕೇತಣ್ಣ ಬೆವರಿ, “ನಾನು ಸೋತೆ” ಅಂದ. ಉತ್ತರ ಅದಲ್ಲ, ಅವನೂ ಸೆರೆಮನೆಗೆ ಹೋದ.

ಸಭೆಯ ಮಾತನ್ನೆಲ್ಲ ಓಲೆಗರಿಯ ಮೇಲೆ ಬರೆಯುವ ಬಡವ ಈರಬೊಮ್ಮ ಇದನ್ನೆಲ್ಲ ನೋಡುತ್ತಿದ್ದ. ಪ್ರತಿ ಮಾತಿನ ಕೆಳಗೂ ಆಡಿದವರ ಹೆಸರು, ಆಡಿದ ದಿನ ಕೊರೆಯದೆ ಅವನು ಗರಿ ಕಟ್ಟುತ್ತಿರಲಿಲ್ಲ. ಜನ ನಗುತ್ತಿದ್ದರು, ನಗಲಿ ಬಿಡಿ. ಬುದ್ಧಿವಂತರಿಬ್ಬರು ಸಾಯುತ್ತಾರಲ್ಲ ಎಂದು ಅವನು ಮರುಗಿದ. ಹುಣ್ಣಿಮೆಯ ಬೆಳಗ್ಗೆ ಎದ್ದು ನಿಂತ.

“ನಾನು ಹೇಳ್ತೀನಿ, ತಾಯಿ. ಮೊದಲನೆಯದು ಇನ್ನೊಬ್ಬರ ಮಾತು. ಹಾಗೆ ಹೇಳಿದವರು ಮಾದರಸರು. ಎರಡನೆಯದು ಗ್ರಂಥ ಬರೆದವನು. ಹೆಸರು ಅಳಿಸಿದರೆ ಅವನ ಮಾತು ಕಂಡವರ ಪಾಲು. ಹಾಗೆ ಹೇಳಿದವರು ಕೇತಣ್ಣನವರು.”

“ಮೂರನೆಯದು?”

“‘ನನ್ನದಲ್ಲ, ಅವರದು.’ ಈಗಷ್ಟೇ ಎರಡು ಸಲ ಅದನ್ನೇ ಹೇಳಿದೆನಲ್ಲ.”

ಪದುಮಲೆಯ ಕಣ್ಣು ತುಂಬಿತು. ಅವಳ ಗುರುಗಳ ಗ್ರಂಥವನ್ನು ಇನ್ನೊಬ್ಬ ತನ್ನದೆಂದು ಓದಿ ಸನ್ಮಾನ ಮಾಡಿಸಿಕೊಂಡಿದ್ದ. ಆ ಕೊರಗಿನಲ್ಲೇ ಗುರುಗಳು ತೀರಿಕೊಂಡಿದ್ದರು. ಅವಳ ಸಿಟ್ಟಿಗೆ ಕಾರಣವಿತ್ತು, ಪಾಪ.

“ಗೆದ್ದೆ, ಈರಬೊಮ್ಮ!”

“ಎರಡು ಉತ್ತರ ಅವರದು, ತಾಯಿ. ಅವರ ತಲೆ ಹೋದರೆ ನಾನು ಗೆದ್ದ ಹಾಗಲ್ಲ.”

ಮಂತ್ರಿ ಸಿಡುಕಿದ. “ಏ ಪೆದ್ದ! ಮೂರನೆಯದಾದರೂ ನಿನ್ನದು ತಾನೆ?”

ಹೌದು ಅಂದರೆ ಅರ್ಧ ರಾಜ್ಯ, ಅಲ್ಲ ಅಂದರೆ ಕತ್ತಿ.

“ಅಲ್ಲ ಬುದ್ಧಿ, ನಮ್ಮವ್ವನದು. ಸಾರು ಚೆನ್ನಾಗಿದೆ ಅಂತ ಯಾರಾದರೂ ಹೊಗಳಿದರೆ, ‘ನನ್ನದಲ್ಲ, ಪಕ್ಕದ ಮನೆ ಸಿದ್ದವ್ವ ಕೊಟ್ಟದ್ದು’ ಅಂತಿದ್ದಳು.”

“ಮತ್ತೆ ನಿನ್ನದು ಅಂತ ಉಳಿದದ್ದೇನೋ?” ಎಂದಳು ಪದುಮಲೆ.

“ತಲೆಯೊಂದು ಉಳಿದರೆ ಸಾಕು, ತಾಯಿ.”

ಅವಳು ನಕ್ಕುಬಿಟ್ಟಳು. ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಿಸಿ, ಈರಬೊಮ್ಮನ ಕೊರಳಿಗೆ ಮಾಲೆ ಹಾಕಿದಳು.

ಮದುವೆಯ ಊಟದ ಪಂಕ್ತಿಯಲ್ಲಿ ಕೇತಣ್ಣ ಎದ್ದು ನಿಂತು, “ಮೊದಲ ಉತ್ತರ ನನಗೆ ಹೊಳೆದದ್ದಲ್ಲ, ಮಾದರಸರದು” ಅಂದ. ಪಕ್ಕದಲ್ಲೇ ಕೂತಿದ್ದ ಮಾದರಸ ಅವನ ಕೈ ಹಿಡಿದು ಕೂರಿಸಿ, ತನ್ನೆಲೆಯ ಹೋಳಿಗೆಯನ್ನು ಅವನೆಲೆಗೆ ಹಾಕಿದ.