ಕಂಬಳಿಯ ಮರೆಯಲ್ಲಿ ಇಳಿದ ಸುಂಕ

ಮೂವತ್ತು ಹೇರು ಉಪ್ಪು ಕೊಡೋದು, ಮೂವತ್ತು ಹೇರು ಜೋಳ ತರೋದು. ಇಷ್ಟೇ ಕೂಸೇ ವ್ಯಾಪಾರ. ಇಷ್ಟು ವ್ಯಾಪಾರ ನಡೆಯೋದಕ್ಕೆ ಬಿಡದೆ ಇಬ್ಬರು ರಾಜರು ಎರಡು ಸೀಮೆಯ ಹೊಟ್ಟೆ ಉರಿಸಿದರು. ಈ ಕತೆ ಹೇಳುವಾಗೆಲ್ಲ ನನಗೆ ಸಿಟ್ಟು ಬರುತ್ತೆ, ನೀನು ಹೆದರಬೇಡ. ಕಾಲು ಒಳಗೆ ಹಾಕು, ಹೊದ್ದುಕೋ, ಹ್ಞೂಂ ಅಂತಾ ಇರು.

ಒಂದಾನೊಂದು ಕಾಲದಲ್ಲಿ, ಉಪ್ಪು ಇನ್ನೂ ಎತ್ತಿನ ಬೆನ್ನೇರಿ ಊರೂರು ತಿರುಗುತ್ತಿದ್ದ ಕಾಲದಲ್ಲಿ, ಒಂದು ಹಳ್ಳದ ಈಚೆಗೊಂದು ಸೀಮೆ ಆಚೆಗೊಂದು ಸೀಮೆ ಇತ್ತಂತೆ. ಈಚೆಯದು ಚೌಳುಸೀಮೆ, ಆ ನೆಲದಲ್ಲಿ ಹುಲ್ಲುಕಡ್ಡಿಯೂ ಹುಟ್ಟೋದಿಲ್ಲ, ಆದರೆ ಮಣ್ಣು ತೊಳೆದು ನೀರು ಕಾಯಿಸಿದರೆ ಬೆಳ್ಳಗೆ ಉಪ್ಪು ಬರುತ್ತಿತ್ತಂತೆ. ಆಚೆಯದು ಎರೆಸೀಮೆ, ಕಪ್ಪು ಮಣ್ಣು, ಆಳೆತ್ತರ ಜೋಳ, ಆದರೆ ನಾಲಿಗೆಗೆ ಸೋಕಿಸೋದಕ್ಕೆ ಒಂದು ಹರಳು ಉಪ್ಪಿಲ್ಲ. ಹಂಗಾಗಿ ಅವರ ಜೋಳ ಇವರಿಗೆ, ಇವರ ಉಪ್ಪು ಅವರಿಗೆ. ಹೇರು ಅಂದರೆ ಒಂದು ಎತ್ತು ಹೊರೋ ಅಷ್ಟು, ಬೆನ್ನಿನ ಆಚೆ ಒಂದು ಚೀಲ, ಈಚೆ ಒಂದು ಚೀಲ. ಆ ಕಡೆಯಿಂದ ಹತ್ತು ಹೇರು ಒಳಗೆ ಬಂದರೆ ಒಂದು ಹೇರು ಸುಂಕ ಅಂತ ಎರಡು ದಡದಲ್ಲೂ ಒಂದೊಂದು ಸುಂಕದ ಕಟ್ಟೆ. ಅಜ್ಜ ಮುತ್ತಜ್ಜನ ಕಾಲದಿಂದ ಹಂಗೇ ನಡೆದಿತ್ತು, ಯಾರಿಗೂ ನೋವಿರಲಿಲ್ಲ.

ಚೌಳುಸೀಮೆಗೆ ಮಲ್ಲರಸ, ಎರೆಸೀಮೆಗೆ ಬೊಮ್ಮರಸ. ಬರೀ ನೆರೆಯವರಲ್ಲ, ಬೀಗರು. ಮಲ್ಲರಸನ ಮಗಳು ಹೊನ್ನಾಜಿಯನ್ನ ಬೊಮ್ಮರಸನ ಮಗನಿಗೆ ಕೊಟ್ಟಿತ್ತಂತೆ. ಹೊರಗಿನವರು ಯಾರಾದರೂ ದಂಡು ಕಟ್ಟಿಕೊಂಡು ಬಂದರೆ ಇಬ್ಬರೂ ಒಟ್ಟಿಗೆ ಕತ್ತಿ ಹಿಡಿದು ಓಡಿಸೋರು, ಅಷ್ಟು ನಂಟು.

ಆಮೇಲೆ ಹೊನ್ನಾಜಿ ಬಸುರಾದಳು. ಎರೆಸೀಮೆ ಅರಮನೆಯಲ್ಲಿ ಸೀಮಂತ, ದೊಡ್ಡ ಪಂಕ್ತಿ. ಅಡುಗೆಯವನ ಕೈ ತಪ್ಪಿ ಸಾರಿಗೆ ಉಪ್ಪು ಕಮ್ಮಿ ಬಿದ್ದಿತ್ತಂತೆ. ಮಲ್ಲರಸ ಒಂದು ತುತ್ತು ಉಂಡು, ಏನು ಬೀಗರೇ, ನಮ್ಮ ಉಪ್ಪು ಕೊಳ್ಳೋಕೂ ಗಂಟಿನಲ್ಲಿ ದುಡ್ಡಿಲ್ಲವಾ ಅಂದನಂತೆ. ಪಂಕ್ತಿ ನಕ್ಕಿತು. ಬೊಮ್ಮರಸನ ಮುಖ ಕೆಂಪಗಾಯಿತು. ದುಡ್ಡಿದೆ ಬೀಗರೇ, ನಮ್ಮ ಜೋಳ ನಿಲ್ಲಿಸಿದರೆ ನೀವೇ ಉಪ್ಪನ್ನ ಮುದ್ದೆ ಕಟ್ಟಿ ನುಂಗಬೇಕು ಅಂದನಂತೆ. ಪಂಕ್ತಿ ಇನ್ನೂ ಜೋರಾಗಿ ನಕ್ಕಿತು. ಮಲ್ಲರಸ ಮಜ್ಜಿಗೆ ಅನ್ನಕ್ಕೂ ಕಾಯದೆ ಎದ್ದು ಹೋದ.

ಅಷ್ಟೇನಾ ಅಜ್ಜಿ ಅಂತೀಯಲ್ಲ, ಅಷ್ಟೇ. ಸಾರಿಗೆ ಉಪ್ಪು ಹಾಕಿಸಿದ್ದರೆ ಮುಗಿದುಹೋಗೋದು.

ಆಮೇಲೆ ಚೌಳುಸೀಮೆಯಲ್ಲಿ ಡಂಗುರ ಹೊಡೀತಂತೆ, ಎರೆಸೀಮೆ ಜೋಳಕ್ಕೆ ಹತ್ತಕ್ಕೆ ಮೂರು ಸುಂಕ ಅಂತ. ಎರೆಸೀಮೆ ಸುಮ್ಮನಿರುತ್ತಾ, ಅಲ್ಲೂ ಡಂಗುರ ಹೊಡೀತು, ಚೌಳುಸೀಮೆ ಉಪ್ಪಿಗೆ ಹತ್ತಕ್ಕೆ ಐದು ಅಂತ. ಎರಡು ತಿಂಗಳು ಹಿಂಗೇ ಕಳೆದ ಮೇಲೆ ಮೂರನೇ ಡಂಗುರ ಎರಡು ಕಡೆಯೂ ಒಂದೇ ದಿನ ಬಿತ್ತು, ಆ ಕಡೆಯಿಂದ ಏನೇ ಬರಲಿ ಹತ್ತಕ್ಕೆ ಹತ್ತು, ಪೂರ್ತಿ ಜಪ್ತಿ, ನನ್ನ ಹೆತ್ತಪ್ಪ ಬಂದರೂ ಬಿಡಬೇಡಿ ಅಂತ.

ಇಬ್ಬರೂ ಏನು ತಿಳಿದುಕೊಂಡಿದ್ದರು ಗೊತ್ತಾ ಕೂಸೇ, ಸುಂಕ ಬೀಗನ ತಲೆ ಮೇಲೆ ಹಾಕಿದೆವು ಅಂತ. ಬೀಗನ ತಲೆ ಎಲ್ಲಿದೆ, ಸುಂಕ ಎಲ್ಲಿ ಬೀಳುತ್ತೆ! ಕಟ್ಟೆಯಲ್ಲಿ ಕೊಟ್ಟಿದ್ದನ್ನ ವ್ಯಾಪಾರಿ ಸರಕಿನ ಮೇಲೆ ಹಾಕ್ತಾನೆ, ಸರಕು ಕೊಳ್ಳೋ ಹೆಂಗಸು ಸೆರಗಿನ ಗಂಟು ಬಿಚ್ಚುತ್ತಾಳೆ. ಮಲ್ಲರಸ ಹಾಕಿದ ಸುಂಕ ಮಲ್ಲರಸನ ಒಕ್ಕಲೇ ಕಟ್ಟಿತು, ಬೊಮ್ಮರಸ ಹಾಕಿದ್ದು ಬೊಮ್ಮರಸನ ಒಕ್ಕಲೇ ಕಟ್ಟಿತು. ಬುದ್ಧಿಗೇಡಿಗಳು. ಎರೆಸೀಮೆಯಲ್ಲಿ ಉಪ್ಪಿನಕಾಯಿ ಜಾಡಿಯಲ್ಲಿ ಹುಳ ಬಿದ್ದವಂತೆ, ದನಗಳು ಉಪ್ಪಿನಾಸೆಗೆ ಗೋಡೆ ನೆಕ್ಕುತ್ತಿದ್ದವಂತೆ. ಚೌಳುಸೀಮೆಯಲ್ಲಿ ಉಪ್ಪಿನ ರಾಶಿ ಗುಡ್ಡದ ಹಂಗೆ ಬಿದ್ದಿತ್ತು, ಅದರ ಪಕ್ಕದಲ್ಲಿ ಕೂತು ಮಕ್ಕಳು ಹುಣಿಸೆಬೀಜ ಹುರಿದು ತಿನ್ನುತ್ತಿದ್ದರಂತೆ.

ಈಗ ಹೇರಿನ ದ್ಯಾವಮ್ಮನ ವಿಷಯಕ್ಕೆ ಬರ್ತೀನಿ. ಚೌಳುಸೀಮೆಯವಳು, ಗಂಡ ಸತ್ತ ಮೇಲೆ ಮೂವರು ಗಂಡುಮಕ್ಕಳನ್ನ ಕಟ್ಟಿಕೊಂಡು ಮೂವತ್ತು ಎತ್ತು ಹೊಡೀತಿದ್ದವಳು. ಅವಳ ಕೈಯಲ್ಲಿದ್ದ ಬಂಡವಾಳವೆಲ್ಲ ಆ ಮೂವತ್ತು ಹೇರು ಉಪ್ಪು. ಬೇಸಿಗೆ, ಹಳ್ಳದಲ್ಲಿ ನೀರಿಲ್ಲ, ಬರೀ ಮರಳು. ಹತ್ತಕ್ಕೆ ಐದು ಹೋದರೆ ಹೋಗಲಿ ಅಂತ ಅವಳು ಎತ್ತುಗಳನ್ನ ಹಳ್ಳಕ್ಕೆ ಇಳಿಸಿ ನಡುವಿಗೆ ಬಂದಿದ್ದಳಂತೆ, ಆಗಲೇ ಮೂರನೇ ಡಂಗುರ ಬಿತ್ತು. ಮುಂದಿನ ಕಟ್ಟೆಯವನು ಕೋಲು ಅಡ್ಡ ಹಿಡಿದ, ಬಂದರೆ ಪೂರ್ತಿ ಜಪ್ತಿ ಅಂದ. ಸರಿ ನಮ್ಮೂರಿಗೇ ಹೋಗ್ತೀನಿ ಅಂತ ತಿರುಗಿದಳು. ಹಿಂದಿನ ಕಟ್ಟೆಯಲ್ಲಿ ಕೆಂಚಪ್ಪ ಅಂತ, ಅವಳ ಕೈಯಿಂದ ವರ್ಷಗಟ್ಟಲೆ ಸುಂಕ ಇಸಿದುಕೊಂಡವನು, ಅವನೂ ಕೋಲು ಅಡ್ಡ ಹಿಡಿದ.

ಏನೋ ಕೆಂಚಪ್ಪ, ಇದು ನಮ್ಮ ಚೌಳಿನ ಉಪ್ಪಲ್ಲವೇನೋ.

ಹೌದು ದ್ಯಾವಮ್ಮಕ್ಕ. ಆದರೆ ಈಗ ಆ ಕಡೆಯಿಂದ ಬರ್ತಾ ಇದೆಯಲ್ಲ.

ಆ ಕಡೆ ಮುಟ್ಟೇ ಇಲ್ಲವಲ್ಲೋ ಮುಂಡೇದೆ.

ಎತ್ತಿನ ಮುಖ ಈ ಕಡೆ ತಿರುಗಿದೆಯಲ್ಲಕ್ಕ. ನಾನೇನು ಮಾಡಲಿ, ನನ್ನ ತಲೆ ಹೋಗುತ್ತೆ.

ಆಮೇಲೆ ಮರಳಿನ ಮೇಲೇ ಹೇರು ಇಳಿಸಿದರಂತೆ. ಹತ್ತತ್ತು ಹೇರಿನ ಮೂರು ಗುಡ್ಡೆ, ಒಂದೊಂದು ಗುಡ್ಡೆಗೆ ಒಂದೊಂದು ದೊಡ್ಡ ಕಂಬಳಿ, ಒಂದೊಂದಕ್ಕೆ ಒಬ್ಬೊಬ್ಬ ಮಗನ ಕಾವಲು. ಹಿರಿಯವನು ಉಪ್ಪು ಬಿಟ್ಟು ಎತ್ತು ಹೊಡಕೊಂಡು ಹೋಗೋಣ ಅಂದ. ಎತ್ತನ್ನೂ ಹಿಡಕೊಳ್ತಾರೆ ದಡ್ಡ ಅಂದಳು. ನಡುವಿನವನು ಕೆಂಚಪ್ಪನ ಕೈ ಬೆಚ್ಚಗೆ ಮಾಡೋಣ ಅಂದ. ತಲೆಗಿಂತ ಕೈ ದೊಡ್ಡದಲ್ಲ ಅವನಿಗೆ ಅಂದಳು. ಕಿರಿಯವನು ಹಳ್ಳ ಬರೋ ದಿಕ್ಕಿಗೆ ಬೆರಳು ತೋರಿಸಿದ. ಅಲ್ಲಿ ಮೋಡ ಕಟ್ಟಿತ್ತಂತೆ. ಉಪ್ಪಿಗೆ ಮಳೆ ಅಂದರೆ ಏನು ಕೂಸೇ? ಹ್ಞಾಂ, ನೀರು. ಹಳ್ಳ ಬಂದರಂತೂ ಎಲ್ಲಾ ನೀರು.

ಬರಿಗೈಯವರಿಗೆ ತಡೆ ಇರಲಿಲ್ಲ. ದ್ಯಾವಮ್ಮ ಸೆರಗು ಬಿಗಿದುಕೊಂಡು ಮೊದಲು ಬೊಮ್ಮರಸನ ಹತ್ತಿರ ಹೋದಳಂತೆ. ಅವನು ಬಾಗಿಲು ಹಾಕಿಸಿ ಮೆಲ್ಲಗೆ ಅಂದನಂತೆ, ನನಗೂ ಸಾಕಾಗಿದೆ ದ್ಯಾವಮ್ಮ, ಸಪ್ಪೆ ಉಂಡು ಉಂಡು ನಾಲಿಗೆ ಸತ್ತಿದೆ, ಆದರೆ ಡಂಗುರ ಹೊಡೆಸಿದ ಮೇಲೆ ಉಗುಳಿದ್ದನ್ನ ನೆಕ್ಕಲಾ, ಮೊದಲು ಬೀಗರು ಬಾಯಿ ಬಿಡಲಿ ಅಂತ. ಆಮೇಲೆ ಮಲ್ಲರಸನ ಹತ್ತಿರ ಓಡಿದಳು. ಅವನೂ ಬಾಗಿಲು ಹಾಕಿಸಿದ. ಕಣಜದಲ್ಲಿ ಜೋಳ ಇಲ್ಲ ದ್ಯಾವಮ್ಮ, ಆದರೆ ಒಕ್ಕಲ ಮುಂದೆ ನಾನು ಮೊದಲು ಇಳಿದೆ ಅಂತಾಗಬಾರದು, ಮೊದಲು ಬೀಗರು ಬಾಯಿ ಬಿಡಲಿ ಅಂದನಂತೆ.

ಅವಳಿಗೆ ಎಂಥಾ ಸಿಟ್ಟು ಬಂತು ಅಂತೀಯ! ಬಾಯಿ ಬಿಡೋದಕ್ಕೆ ನಾಚಿಕೆ, ಊರಿನ ಬಾಯಿಗೆ ಮಣ್ಣು ಹಾಕೋದಕ್ಕೆ ನಾಚಿಕೆಯಿಲ್ಲ ಅಂತ ಮುಖಕ್ಕೇ ಅಂದುಬಿಟ್ಟಳಂತೆ. ಭಟರು ರೆಟ್ಟೆ ಹಿಡಿದು ಹೊರಗೆ ತಳ್ಳಿದರು. ತಿರುಗಿ ಬಂದು ಉಪ್ಪಿನ ಗುಡ್ಡೆ ಪಕ್ಕ ಕೂತಳು. ಮೋಡ ಇನ್ನೂ ಹತ್ತಿರ ಬಂದಿತ್ತು.

ಅಷ್ಟರಲ್ಲಿ ಹೊನ್ನಾಜಿಗೆ ದಿನ ತುಂಬುತ್ತಾ ಬಂದಿತ್ತು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಅದಕ್ಕೆ ಯಾವ ರಾಜನ ಡಂಗುರವೂ ಅಡ್ಡ ಬರೋಹಂಗಿಲ್ಲ. ಸೊಸೆಯನ್ನ ಗಡಿ ತನಕ ಕಳಿಸೋಕೆ ಬೊಮ್ಮರಸ ಬಂದ, ಮಗಳನ್ನ ಕರಕೊಳ್ಳೋಕೆ ಮಲ್ಲರಸ ಬಂದ. ಒಬ್ಬ ಆ ದಡದಲ್ಲಿ, ಒಬ್ಬ ಈ ದಡದಲ್ಲಿ, ಇಬ್ಬರೂ ಬೆನ್ನು ತಿರುಗಿಸಿಕೊಂಡು ನಿಂತರಂತೆ. ಎರಡು ಸೀಮೆಯ ಜನವೂ ನೋಡೋಕೆ ಸೇರಿತ್ತು. ಪಲ್ಲಕ್ಕಿ ಹಳ್ಳ ದಾಟಿ ಈಚೆ ದಡಕ್ಕೆ ಬಂತು. ಕೆಂಚಪ್ಪ ಕೋಲು ಅಡ್ಡ ಹಿಡಿದನಂತೆ. ಬುದ್ಧೀ, ಆ ಕಡೆಯಿಂದ ಏನೇ ಬರಲಿ ಹತ್ತಕ್ಕೆ ಹತ್ತು ಅಂದಿದ್ದೀರಿ, ಬಿಟ್ಟರೂ ತಲೆ ಹೋಗುತ್ತೆ, ಹಿಡಿದರೂ ಹೋಗುತ್ತೆ, ಅಪ್ಪಣೆಯಾಗಲಿ ಅಂದ. ಎಲ್ಲರ ಮುಂದೆ ಮಲ್ಲರಸ ಏನು ಹೇಳಿಯಾನು?

ದ್ಯಾವಮ್ಮ ಮರಳಿನಿಂದ ಕೂಗಿದಳಂತೆ. ಲೇ ಕೆಂಚಪ್ಪ, ಅವಳ ಹೊಟ್ಟೆಯಲ್ಲಿರೋದು ಯಾವ ಸೀಮೆ ಸರಕು, ಮೊದಲು ಅದನ್ನ ಕೇಳು ನಿನ್ನ ದೊರೇನ. ಅದಕ್ಕೆ ಹತ್ತಕ್ಕೆ ಎಷ್ಟು?

ಜನ ಗೊಳ್ಳೆಂದು ನಕ್ಕಿತು. ಪಲ್ಲಕ್ಕಿಯಿಂದ ಹೊನ್ನಾಜಿ ತಲೆ ಹೊರಗೆ ಹಾಕಿದಳು, ಅವಳಿಗೂ ಸಿಟ್ಟು ನೆತ್ತಿಗೇರಿತ್ತು. ಅಪ್ಪಾಜಿ, ಮಾವಯ್ಯ, ನೀವಿಬ್ಬರೂ ಅಲ್ಲೇ ನಿಂತಿರಿ. ನಾನು ಹಳ್ಳದ ನಡುವೆ ಮರಳಲ್ಲೇ ಹೆರುತ್ತೀನಿ. ಹುಟ್ಟಿದ್ದಕ್ಕೆ ನಿಮ್ಮ ಸೀಮೆಯೂ ಬೇಡ, ನಿಮ್ಮ ಸೀಮೆಯೂ ಬೇಡ ಅಂದು ಪಲ್ಲಕ್ಕಿಯನ್ನ ನಡುವಿಗೆ ತಿರುಗಿಸಿ ಇಳಿಸಿಬಿಟ್ಟಳಂತೆ.

ಈಗ ಇಬ್ಬರು ರಾಜರೂ ತಿರುಗಿದರು, ಮರಳಿಗೆ ಇಳಿದರು, ಪಲ್ಲಕ್ಕಿಯ ಆಚೆ ಒಬ್ಬ ಈಚೆ ಒಬ್ಬ ಬಂದು ನಿಂತರು. ಆದರೆ ಇವನು ಅವನ ಬಾಯಿ ನೋಡ್ತಾನೆ, ಅವನು ಇವನ ಬಾಯಿ ನೋಡ್ತಾನೆ. ಮೊದಲ ಹನಿ ಬಿತ್ತು.

ನೀನು ದನದ ಸಂತೆ ನೋಡಿದೀಯಲ್ಲ ಕೂಸೇ, ಅಲ್ಲಿ ಟವಲು ಮುಚ್ಚಿಕೊಂಡು ಕೈ ಕೈ ಹಿಡಿಯೋದು. ಸುತ್ತ ನೂರು ಜನ ನಿಂತಿರ್ತಾರೆ, ಬಾಯಿಂದ ಬಿದ್ದ ಬೆಲೆ ಮತ್ತೆ ಬಾಯಿಗೆ ಹೋಗೋದಿಲ್ಲ. ಅದಕ್ಕೆ ಬೆಲೆ ಬೆರಳಲ್ಲಿ ಹೇಳ್ತಾರೆ, ಬಟ್ಟೆಯ ಒಳಗೆ ಯಾರು ಎಷ್ಟು ಇಳಿದರು ಅಂತ ದಳ್ಳಾಳಿಗೆ ಬಿಟ್ಟು ಯಾರಿಗೂ ತಿಳಿಯೋದಿಲ್ಲ. ದ್ಯಾವಮ್ಮ ಮುಂದೆ ಬಂದು ಅಂದಳಂತೆ, ಬುದ್ಧೀ, ಬಾಯಿ ಮುಚ್ಚಿಕೊಂಡೇ ಇರಿ, ಕೈ ಕೊಡಿ ಸಾಕು. ಎರಡು ಕಡೆಗೂ ಒಂದೇ ಸುಂಕ. ಎಷ್ಟಕ್ಕೆ ಇಳೀತೀರೋ ನನ್ನ ಅಷ್ಟು ಬೆರಳು ಹಿಡೀರಿ. ಮೊದಲು ಯಾರು ಅಂತ ನನ್ನ ಬಾಯಿಂದ ಎಂದೂ ಬರೋದಿಲ್ಲ.

ಮಲ್ಲರಸ ತನ್ನ ಪಟ್ಟೆ ಶಲ್ಯ ಕೊಟ್ಟ. ದ್ಯಾವಮ್ಮ ಬೆಳಕಿಗೆ ಹಿಡಿದು ನೋಡಿದಳು, ಗಾಜಿನ ಹಂಗೆ ತೆಳು, ಬೆರಳು ಎಣಿಸಬಹುದು. ಬೊಮ್ಮರಸನದೂ ಹಂಗೇ. ಅವಳು ಸರ್ರನೆ ತಿರುಗಿ ಕಿರಿಮಗನ ಗುಡ್ಡೆ ಮೇಲಿದ್ದ ಕಂಬಳಿಯನ್ನ ಎಳೆದಳಂತೆ.

ಅವ್ವಾ, ಹನಿ ಬೀಳ್ತಿದೆ, ಉಪ್ಪು!

ಹತ್ತು ಹೋದರೆ ಇಪ್ಪತ್ತು ಉಳಿಯುತ್ತೆ. ಸುಮ್ಮನಿರೋ.

ಕಂಬಳಿ ಹರಡಿದಳು, ತನ್ನ ಎರಡೂ ಕೈ ಅದರೊಳಗೆ ಹಾಕಿದಳು. ರಾಜರು ಕೂರಬೇಕಲ್ಲ, ಚಾಪೆ ತರಿಸಿ ಅಂದ ಒಬ್ಬ, ಅವನ ಚಾಪೆಗಿಂತ ದೊಡ್ಡದು ತರಿಸಿ ಅಂದ ಇನ್ನೊಬ್ಬ. ಮೊದಲು ಅವರು ಕೂರಲಿ ಅಂತ ಇವನು, ಇವರು ಕೂರಲಿ ಅಂತ ಅವನು. ಹನಿ ಹೋಗಿ ಮಳೆಯಾಯಿತು. ಅವಳ ಬೆನ್ನ ಹಿಂದೆ ಉಪ್ಪಿನ ಗುಡ್ಡೆ ಕರಗಿ ಬೆಳ್ಳಗೆ ಮರಳಿಗೆ ಇಳೀತಾ ಇದೆ. ಕೂತರು ಕೊನೆಗೂ. ಕೈ ಹಾಕಿದರು.

ಏನು ಹಿಡಿದರು ಗೊತ್ತಾ? ಅವಳ ಎಡಗೈಯಲ್ಲಿ ಮಲ್ಲರಸ ಒಂದೇ ಬೆರಳು ಹಿಡಿದ. ಬಲಗೈಯಲ್ಲಿ ಬೊಮ್ಮರಸನೂ ಒಂದೇ ಬೆರಳು. ಮೊದಲ ಸಲಕ್ಕೇ! ಹತ್ತಕ್ಕೆ ಒಂದು, ಅಂದರೆ ಹಳೇ ಸುಂಕ. ಇಬ್ಬರೂ ಅಲ್ಲೇ ಇಳಿದು ಕೂತಿದ್ದರು, ಬಾಯಿ ಮಾತ್ರ ಬಿಗಿದಿತ್ತು. ಅದಕ್ಕೇ ದನ ಗೋಡೆ ನೆಕ್ಕಿದ್ದು, ಅದಕ್ಕೇ ಮಕ್ಕಳು ಹುಣಿಸೆಬೀಜ ತಿಂದಿದ್ದು, ಅದಕ್ಕೇ ಅವಳ ಉಪ್ಪು ಹಿಂದೆ ನೀರಾಗ್ತಿದ್ದದ್ದು. ದ್ಯಾವಮ್ಮನ ಹಲ್ಲು ಕಟಕಟ ಅಂದಿತಂತೆ. ಕೂಗಿಬಿಡಬೇಕು ಅನ್ನಿಸಿತು. ಕೂಗಿದರೆ ವ್ಯಾಪಾರ ಕೆಡುತ್ತೆ.

ಸಿಟ್ಟನ್ನ ಬಾಯಿಗೆ ಬಿಡಲಿಲ್ಲ, ಬೆರಳಿಗೆ ಇಳಿಸಿದಳು. ಇಬ್ಬರ ಮುಷ್ಟಿಯಿಂದಲೂ ತನ್ನ ಬೆರಳನ್ನ ಮೆಲ್ಲಗೆ ಅರ್ಧ ಹೊರಗೆ ಎಳೆದುಕೊಂಡಳಂತೆ. ಅಂದರೆ ಎದುರಿನವರು ಅರ್ಧಕ್ಕೆ ಬಂದಿದ್ದಾರೆ, ನೀವೂ ಬರ್ತೀರಾ ಅಂತ. ಬೀಗ ನನಗಿಂತ ಕೆಳಗೆ ಬಿದ್ದ, ಸೋತ ಅಂತ ಮಲ್ಲರಸನಿಗೆ ಒಳಗೊಳಗೇ ನಗು. ಬೊಮ್ಮರಸನಿಗೂ ಅದೇ ನಗು. ಇಬ್ಬರೂ ಆ ಅರ್ಧ ಬೆರಳನ್ನ ಗಟ್ಟಿಯಾಗಿ ಅಮುಕಿದರು. ದ್ಯಾವಮ್ಮ ಕಂಬಳಿ ಕೊಡವಿ ಎದ್ದಳು. ಹತ್ತಕ್ಕೆ ಅರ್ಧ ಹೇರು, ಎರಡು ಕಡೆಗೂ, ಡಂಗುರ ಹೊಡೀರಿ ಅಂದಳು.

ಡಂಗುರ ಬಿತ್ತು. ಕೆಂಚಪ್ಪ ಕೋಲು ಎಸೆದು ಎತ್ತಿಗೆ ಹೇರು ಏರಿಸೋಕೆ ತಾನೇ ಕೈ ಹಾಕಿದನಂತೆ. ಪಲ್ಲಕ್ಕಿ ಈಚೆ ದಡ ಹತ್ತಿತು, ಉಪ್ಪು ಆಚೆ ದಡ ಹತ್ತಿತು, ಹಿಂದೆಯೇ ಹಳ್ಳ ಕೆಂಪಗೆ ಬಂದು ಹತ್ತು ಹೇರಿನ ಗುಡ್ಡೆಯಲ್ಲಿ ಉಳಿದಿದ್ದನ್ನೂ ಬಳಿದುಕೊಂಡು ಹೋಯಿತು. ಆಮೇಲೆ ಹೊನ್ನಾಜಿ ತವರಲ್ಲಿ ಗಂಡು ಹೆತ್ತಳು, ನಾಮಕರಣಕ್ಕೆ ಬೀಗರು ಒಂದೇ ಪಂಕ್ತಿಯಲ್ಲಿ ಕೂತರು, ಸಾರಿಗೆ ಉಪ್ಪು ಜಾಸ್ತಿಯೇ ಆಗಿತ್ತಂತೆ, ಇಬ್ಬರೂ ಕಮಕ್ ಕಿಮಕ್ ಅನ್ನದೆ ಉಂಡರಂತೆ. ನಾನು ಗೆದ್ದೆ ಅಂತ ಸಾಯೋ ತನಕ ಇಬ್ಬರೂ ಹೇಳಿಕೊಂಡು ತಿರುಗಿದರು. ದ್ಯಾವಮ್ಮ ತುಟಿ ಪಿಟಕ್ಕನ್ನಲಿಲ್ಲ, ಬಾಯಿಬಿಟ್ಟ ದಳ್ಳಾಳಿಯನ್ನ ಮತ್ತೆ ಯಾರು ಕರೀತಾರೆ? ಇಬ್ಬರೂ ಮಣ್ಣಾದ ಮೇಲೆ ಕಿರಿಮಗನಿಗೆ ಹೇಳಿದಳಂತೆ, ಹಂಗೆ ಬಂತು ನಮಗೆ.

ಕಣ್ಣು ಮುಚ್ಚು. ಹೇರು ಇಳೀತು, ಕತೆ ಮುಗೀತು, ಲೆಕ್ಕ ಒಂದು ಉಳಿದಿದೆ. ನೀರಾಗಿದ್ದು ಹತ್ತು ಹೇರು. ದಾಟಿದ್ದು ಇಪ್ಪತ್ತು, ಸುಂಕ ಹೋಗಿದ್ದು ಒಂದು, ಕೈಗೆ ಹತ್ತೊಂಬತ್ತು. ಜೋಳದ ಲೆಕ್ಕ ಬಿಡು, ಮುಂದೆ ಪ್ರತಿ ಸಲ ಮೂವತ್ತು ಹೇರು ಉಪ್ಪಿಗೆ ಮೂರು ಕೊಡೋ ಕಡೆ ಒಂದೂವರೆ ಕೊಟ್ಟಳು. ಏಳು ಸಲ ಹೋಗಿ ಬರೋದರೊಳಗೆ ಕರಗಿದ ಹತ್ತೂ ವಾಪಸ್ಸು ಬಂತು, ಎಂಟನೇ ಸಲದಿಂದ ಬಂದಿದ್ದೆಲ್ಲ ಲಾಭ. ರಾಜರಿಬ್ಬರಿಗೂ ಅಷ್ಟು ಜಗಳಕ್ಕೆ ಸಿಕ್ಕಿದ್ದು, ಮೊದಲು ಬರುತ್ತಿದ್ದ ಸುಂಕದಲ್ಲಿ ಅರ್ಧ.