ತಲೆದಿಂಬಿನಡಿಯ ಇಪ್ಪತ್ತು ಹಾಳೆಗಳು

"ಕೇಳಿರಪ್ಪೋ ಕೇಳಿರಿ! ಸಬ್ಜಾಪುರದ ಸುಲ್ತಾನರ ಆಜ್ಞೆ! ಹುಜೂರರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಕೋಟೆಬಾಗಿಲಿಗೆ! ಶುಕ್ರವಾರದೊಳಗೆ ಯಾರೂ ಬಿಡಿಸದಿದ್ದರೆ ಗ್ರಂಥಾಲಯದ ದರೋಗಾ ಮೀರ್ ಇನಾಯತರಿಗೆ ಗಲ್ಲು. ತೀರಿಹೋದ ಶಹಜಾದಿ ಮಾಹರುಖರ ಬರಹದಲ್ಲಿ ಇಪ್ಪತ್ತು ಹಾಳೆ ತಪ್ಪು ತೆಗೆದವನು ಯಾರೆಂದು ದರೋಗಾ ಬಾಯಿ ಬಿಡುತ್ತಿಲ್ಲ!"

ಡಂಗುರ ಕೇಳಿ ಮೋದಿನನ ಕೈ ನಿಂತಿತು. ಕಾಗದಕ್ಕೆ ಗಂಜಿ ಹಚ್ಚಿ, ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ಕೊಡುವುದು ಅವನ ಕೆಲಸ. ಆ ಇಪ್ಪತ್ತು ಹಾಳೆ ಬರೆದವನು ಅವನೇ.

ಪಾರಸಿ ಕಾವ್ಯದ ಮೇಲಿನ ಲೇಖನಗಳನ್ನು ಆರಿಸಿ ಗ್ರಂಥಾಲಯದವರು ವರ್ಷಕ್ಕೊಂದು ಸಂಪುಟ ಹೊರತರುತ್ತಿದ್ದರು. ಲೇಖನ ಬಂದೊಡನೆ ಮೀರ್ ಸಾಹೇಬರು ಹಾಳೆಯ ತಲೆಯಲ್ಲಿದ್ದ ಬರೆದವರ ಹೆಸರನ್ನು ಕತ್ತರಿಸಿ, ಉಳಿದದ್ದನ್ನು ಇಬ್ಬರು ಓದುಗರಿಗೆ ಕಳಿಸುವರು. ಬರೆದವರು ಯಾರೆಂದು ಓದುಗರಿಗೆ ಗೊತ್ತಿಲ್ಲ, ಓದುಗರು ಯಾರೆಂದು ಬರೆದವರಿಗೆ ಗೊತ್ತಿಲ್ಲ. ಬಲ್ಲವರು ಮೀರ್ ಸಾಹೇಬರೊಬ್ಬರೇ. ಕಾಗದ ಉಜ್ಜುವವನು ಬರೆಯುವಾಗ ಕೆಟ್ಟು ಬಿಸಾಡಿದ ಹಾಳೆಗಳನ್ನು ಓದಿ ಓದಿ ಪಾರಸಿಯಲ್ಲಿ ಪಳಗಿದ್ದಾನೆಂದು ಬಲ್ಲವರೂ ಅವರೊಬ್ಬರೇ.

ಅವರು ಈ ಸಲ ಓದಲು ಕೊಟ್ಟ ಲೇಖನದ ವಾದದ ಬಿಗಿ ನೋಡಿ, ಬರೆದವರು ಯಾರೋ ಹಟಮಾರಿ ಮುದಿ ಮೌಲ್ವಿ ಎಂದುಕೊಂಡಿದ್ದ ಮೋದಿನ. ಮೂರು ತಿಂಗಳು ಆ ಮುದುಕನೊಡನೆ ಮನಸ್ಸಿನಲ್ಲೇ ಜಗಳವಾಡುತ್ತ ಸುಖವಾಗಿದ್ದ. ಡಂಗುರ ಕೇಳಿದಾಗಲೇ ತಿಳಿಯಿತು: ಆ ಮುದುಕ ಹತ್ತೊಂಬತ್ತರ ಹುಡುಗಿ. ಜ್ವರ ಬಂದು ತೀರಿಹೋಗಿ ಹನ್ನೆರಡು ದಿನವಾಗಿತ್ತು.

ತಾನೇ ಬರೆದೆನೆಂದು ಒಪ್ಪಿಕೊಂಡರೆ ಓದುಗರ ಹೆಸರು ಹೇಳೆನೆಂದು ಮೀರ್ ಸಾಹೇಬರು ಜೀವ ಒತ್ತೆಯಿಟ್ಟು ಕಾಯುತ್ತಿದ್ದ ಮಾತು ಮುರಿಯುತ್ತದೆ. ಸುಮ್ಮನಿದ್ದರೆ ಅವರ ಜೀವವೇ ಹೋಗುತ್ತದೆ. ಉಳಿದದ್ದು ಒಗಟಿನ ದಾರಿ.

ಬುಧವಾರ ಒಬ್ಬ ಸರದಾರನ ಮಗ ದರ್ಬಾರಿಗೆ ಬಂದ. ಸುಲ್ತಾನರು ಕೇಳಿದರು: "ತಲೆ ಕತ್ತರಿಸಿದ ಮೇಲೆಯೇ ನ್ಯಾಯ ಸಿಗುವುದು ಯಾವುದಕ್ಕೆ?"

"ಲೇಖನಿಗೆ, ಹುಜೂರ್! ತುದಿ ಕತ್ತರಿಸದೆ ಅದು ಬರೆಯದು."

"ಲೇಖನಿ ಬರೆಯುತ್ತದೆ. ನ್ಯಾಯ ಬೇಡುವುದಿಲ್ಲ," ಎಂದರು ಸುಲ್ತಾನರು. ಸಂಜೆಗೆ ಅವನ ತಲೆ ಕೋಟೆಬಾಗಿಲಲ್ಲಿತ್ತು.

ಗುರುವಾರ ಆಸ್ಥಾನದ ಪಂಡಿತ ಮುಲ್ಲಾ ಬುರ್ಹಾನ್ ಗಡ್ಡ ನೀವುತ್ತ ಬಂದ. ಮೊದಲ ಒಗಟಿಗೆ, "ಗ್ರಂಥಾಲಯಕ್ಕೆ ಬಂದ ಲೇಖನಕ್ಕೆ" ಎಂದ. ಸರಿಯಾಯಿತು.

"ಒಂದು ಮನೆಗೆ ಇಬ್ಬರು ಬಂದು ಹೋದರು. ಒಬ್ಬರನ್ನೊಬ್ಬರು ಕಾಣಲಿಲ್ಲ, ಯಜಮಾನನನ್ನೂ ಕಾಣಲಿಲ್ಲ. ಆದರೂ ಗೋಡೆಯ ಬಿರುಕು ಎಲ್ಲಿದೆಯೆಂದು ಹೇಳಿ ಹೋದರು. ಯಾರವರು?"

"ಇಬ್ಬರು ಓದುಗರು." ಅದೂ ಸರಿ.

ಮೂರನೆಯದನ್ನು ಕೇಳುವಾಗ ಸುಲ್ತಾನರ ದನಿ ತಗ್ಗಿತು. "ನನ್ನ ಮಗಳ ಬರಹಕ್ಕೆ ಒಬ್ಬ ಮೂರು ಸಾಲು ಹೊಗಳಿಕೆ ಬರೆದ. ಇನ್ನೊಬ್ಬ ಇಪ್ಪತ್ತು ಹಾಳೆ ತಪ್ಪು ತೆಗೆದ. ಅವಳು ಸತ್ತಾಗ ತಲೆದಿಂಬಿನಡಿ ಇದ್ದದ್ದು ತಪ್ಪಿನ ಹಾಳೆಗಳು. ಏಕೆ?"

"ವೈರಿಯ ಗುರುತು ಸಿಗಲೆಂದು, ಹುಜೂರ್. ಹೊಗಳಿದ ಆ ಮೂರು ಸಾಲು ಈ ಸೇವಕನದೇ!"

"ಎಷ್ಟು ದಿನ ಓದಿದಿರಿ?"

"ದಿನವೇಕೆ ಹುಜೂರ್, ಊಟಕ್ಕೆ ಮೊದಲೇ ಮುಗಿಸಿದೆ."

"ಆ ಹಾಳೆಗಳನ್ನು ಅವಳು ಮಗುವಿನಂತೆ ತಬ್ಬಿಕೊಳ್ಳುತ್ತಿದ್ದಳು. ವೈರಿಯ ಕಾಗದವನ್ನು ಯಾರೂ ತಬ್ಬುವುದಿಲ್ಲ," ಎಂದು ಸುಲ್ತಾನರು ಮುಖ ತಿರುಗಿಸಿದರು. ಭಟರು ಮುಲ್ಲಾನನ್ನು ಎಳೆದೊಯ್ದರು.

ಶುಕ್ರವಾರ ಬೆಳಗ್ಗೆ ಬಾಗಿಲ ಕಾವಲುಗಾರ ಮೋದಿನನನ್ನು ತಡೆದ. "ಏನಪಾ ಕಾಗದದ ಸಾಬ, ಗಂಜಿ ಕೊಡಾಕ ಬಂದೀಯೇನು?"

"ತಲಿ ಕೊಡಾಕ ಬಂದೀನಿ. ಬಿಡೋ ಮಾರಾಯ."

ಅಂಗಳದಲ್ಲಿ ಮೀರ್ ಸಾಹೇಬರನ್ನು ಬೇಡಿ ಹಾಕಿ ನಿಲ್ಲಿಸಿದ್ದರು. ಮೋದಿನನನ್ನು ಕಂಡು ಅವರು 'ಬೇಡ' ಎಂಬಂತೆ ತಲೆಯಾಡಿಸಿದರು.

"ಮೊದಲೆರಡರ ಉತ್ತರ ಈಗ ಬೀದಿಯ ಮಕ್ಕಳಿಗೂ ಗೊತ್ತು," ಎಂದರು ಸುಲ್ತಾನರು. "ನೀನು ಕಾರಣ ಹೇಳು. ಹೆಸರನ್ನು ಕತ್ತರಿಸುವುದೇಕೆ?"

"ಹೆಸರಿದ್ದರೆ ಓದುಗರು ಹೆಸರನ್ನೇ ಓದುತ್ತಾರೆ, ಹುಜೂರ್. ಬರಹ ಹಾಗೇ ಉಳಿಯುತ್ತದೆ."

"ಓದುಗರನ್ನು ಮರೆಮಾಡುವುದೇಕೆ?"

"ದೊಡ್ಡವರಿಗೆ ತಪ್ಪು ತೋರಿಸುವವನು ಸಣ್ಣವನಾಗಿರಬಹುದು. ಮುಖ ಕಂಡರೆ ಅವನ ಮಾತನ್ನು ಯಾರು ಕೇಳುತ್ತಾರೆ? ಇಬ್ಬರನ್ನೂ ಬೇರೆ ಇಡುವುದು, ಒಬ್ಬರ ಮಾತು ಇನ್ನೊಬ್ಬರಿಗೆ ಅಂಟಬಾರದೆಂದು."

"ಇನ್ನು ಮೂರನೆಯದು?"

"ಶಹಜಾದಿಯವರು ಹುಟ್ಟಿದಾಗಿನಿಂದ ಹೊಗಳಿಕೆಯನ್ನೇ ಕೇಳಿದವರು. ಅದು ಅರಮನೆಗೆ ಸಲ್ಲುವ ಹೊಗಳಿಕೆ ಎಂದು ಅವರು ಬಲ್ಲರು. ಅವರು ಯಾರೆಂದು ತಿಳಿಯದ ಒಬ್ಬ, ಅವರ ಒಂದೊಂದು ಸಾಲಿಗೂ ಜಗಳವಾಡಿದ. ಜಗಳವಾಡಬೇಕಾದರೆ ಓದಿರಲೇಬೇಕಲ್ಲ, ಹುಜೂರ್. ಹಾಗೆ ಓದಿದವನು ಅವರಿಗೆ ಅವನೊಬ್ಬನೇ."

ಸುಲ್ತಾನರು ಹೇಳಿದರು: "ನಾನೂ ಓದಿರಲಿಲ್ಲ. ಅವನು ಯಾರು? ನಿನಗೆ ಗೊತ್ತಿದೆ."

"ಆ ಹೆಸರು ಕೇಳಬೇಡಿ. ಕೇಳಿದರೆ ನಾಳೆಯಿಂದ ಈ ರಾಜ್ಯದಲ್ಲಿ ಯಾರೂ ಯಾರಿಗೂ ನಿಜ ಬರೆಯುವುದಿಲ್ಲ. ನನಗೆ ಮೀರ್ ಸಾಹೇಬರನ್ನು ಕೊಡಿ, ಸಾಕು."

ಬೇಡಿ ಕಳಚಿದರು. ಸುಲ್ತಾನರು ಮತ್ತೆ ಹೆಸರು ಕೇಳಲಿಲ್ಲ. ಮೋದಿನನಿಗೆ ಜರತಾರಿ ಅಂಗಿ ಹೊದಿಸಿ, ಒಂದು ಕಟ್ಟನ್ನು ಮೀರ್ ಸಾಹೇಬರ ಕೈಗಿತ್ತರು. "ಮಗಳು ಬರೆದ ಉತ್ತರ. ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಿಸಿ."

ಗ್ರಂಥಾಲಯದಲ್ಲಿ ಮೋದಿನ ಆ ಕಟ್ಟು ಬಿಚ್ಚಿದ. ಅವನು ತೆಗೆದಿದ್ದ ತಪ್ಪು ಇಪ್ಪತ್ಮೂರು. ಇಪ್ಪತ್ತೆರಡನ್ನು ಅವಳು ಒಪ್ಪಿ ತಿದ್ದಿದ್ದಳು. ಕೊನೆಯದು ಒಂದು ಗಜಲಿನದು: ಗ್ರಂಥಾಲಯದ ಹಳೆಯ ಪ್ರತಿಯಲ್ಲಿ ಕಡೆಯ ದ್ವಿಪದಿ ಇಲ್ಲ, ಆದ್ದರಿಂದ ಅದು ಕವಿಯದಲ್ಲ ಎಂದಿದ್ದ ಅವನು. ಅವಳು ಬರೆದಿದ್ದಳು: "ಇಲ್ಲಿ ತಪ್ಪು ನಿಮ್ಮದು, ಹಜರತ್. ಆ ಪ್ರತಿಯ ಹೊಲಿಗೆಯೊಳಗೆ ಹರಿದುಹೋದ ಹಾಳೆಯ ಅಂಚು ಉಳಿದಿದೆ; ದ್ವಿಪದಿ ಇದ್ದದ್ದು ಆ ಹಾಳೆಯಲ್ಲಿ. ನಂಬಿಕೆ ಬಾರದಿದ್ದರೆ ಕಾಗದ ಬಲ್ಲವರನ್ನು ಯಾರನ್ನಾದರೂ ಕೇಳಿ. ಜ್ವರ ಇಳಿಯುವುದರೊಳಗೆ ನಿಮ್ಮ ಮಾತು ಬರಲಿ."

ಅವನು ಹಳೆಯ ಪ್ರತಿಯನ್ನು ತೆರೆದು ಹೊಲಿಗೆಯೊಳಗೆ ಬೆರಳಾಡಿಸಿದ. ಕೂದಲಿನಷ್ಟು ಅಂಚು ಬೆರಳಿಗೆ ತಾಗಿತು. ಹುಟ್ಟಾ ಕಾಗದದವನು, ಪದ್ಯ ನೋಡುವ ಭರದಲ್ಲಿ ಕಾಗದವನ್ನೇ ನೋಡಿರಲಿಲ್ಲ.

'ನೀವು ಹೇಳಿದ್ದೇ ಸರಿ. ಈ ಲೇಖನ ಸಂಪುಟಕ್ಕೆ ಸೇರಲಿ' ಎಂದು ಬರೆದು, ಹೆಸರು ಹಾಕದೆ ಮಡಿಸಿ ಮೀರ್ ಸಾಹೇಬರಿಗೆ ಕೊಟ್ಟ.

ಓದುಗರ ಮಾತನ್ನು ಬರೆದವರಿಗೆ ಮುಟ್ಟಿಸುವುದು ದರೋಗಾ ಸಾಹೇಬರ ಕೆಲಸ. ಅವರು ವಾಡಿಕೆಯಂತೆ ಚೀಟಿ ತೆಗೆದುಕೊಂಡು ಎದ್ದರು. ಬಾಗಿಲ ತನಕ ನಡೆದರು. ಅಲ್ಲಿಂದ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತರು.