ಚೌಡಕ್ಕನ ಬಸೂನು

ಒಂದು ಕಾಡಿನಲ್ಲಿ, ಸಂಗೀತ ಕೇಳಲು ಬಂದವರು ಒಬ್ಬರನ್ನೊಬ್ಬರು ತಿನ್ನಕೂಡದು ಎಂಬ ಕಟ್ಟಳೆ ಇತ್ತು. ಬಸೂನಿನ ದನಿ ಕಿವಿಗೆ ಬೀಳುತ್ತಿರುವ ತನಕ ಹುಲಿಯಾದರೂ ಸರಿ, ಹಾವಾದರೂ ಸರಿ, ಬಾಯಿ ಮುಚ್ಚಿಕೊಂಡು ಕೂತಿರಬೇಕು. ದನಿ ನಿಂತಿತೋ, ಕಟ್ಟಳೆಯೂ ನಿಂತಿತು. ಆಮೇಲೆ ಅವರವರ ಕಾಲು, ಅವರವರ ಅದೃಷ್ಟ.

ಬಸೂನು ಎಂದರೇನು ಎನ್ನುತ್ತೀರಾ? ಓಲಗ ನೋಡಿದ್ದೀರಲ್ಲ, ಅದರ ದೊಡ್ಡಪ್ಪ ಎಂದುಕೊಳ್ಳಿ. ಉದ್ದನೆಯ ಮರದ ಕೊಳವೆ. ಅದರಿಂದ ಬಾಗಿ ಬಂದ ಒಂದು ಲೋಹದ ನಳಿಕೆ. ನಳಿಕೆಯ ತುದಿಗೆ ನೀರಿನಲ್ಲಿ ನೆನೆಸಿದ ಪೀಪಿ. ಊದಿದರೆ ಹೊಟ್ಟೆಯೊಳಗಿನಿಂದ ಎದ್ದು ಬಂದಂಥ ದಪ್ಪ ದನಿ. ಕರಡಿ ಕೆಂಚಪ್ಪ ಹರೆಯದಲ್ಲಿ ಸರ್ಕಸ್ಸಿನ ಬ್ಯಾಂಡಿನಲ್ಲಿದ್ದ. ಸರ್ಕಸ್ಸು ಮುಚ್ಚಿದಾಗ ನಾಲ್ಕು ಬಸೂನುಗಳ ಪೆಟ್ಟಿಗೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ಕಾಡಿಗೆ ಬಂದುಬಿಟ್ಟ. ಒಂದನ್ನು ತಾನಿಟ್ಟುಕೊಂಡ. ಒಂದನ್ನು ಕಾಡುಹಂದಿ ದುಗ್ಗಣ್ಣನಿಗೆ ಕೊಟ್ಟ, ಇನ್ನೊಂದನ್ನು ಹೆಣ್ಣು ಮುಸುವ ಸಿಂಗಾರಿಗೆ ಕೊಟ್ಟ. ಯಾರಿಗೂ ಬೇಡವಾಗಿದ್ದ ನಾಲ್ಕನೆಯದು ಮುಳ್ಳುಹಂದಿ ಚೌಡಕ್ಕನ ಪಾಲಿಗೆ ಬಂತು.

ನಾಲ್ವರಿಗೂ ಬರುತ್ತಿದ್ದದ್ದು ಒಂದೇ ಒಂದು ಮಟ್ಟು. ಅದರ ಹೆಸರು ಟ್ಯಾಂಗೊ. ಸಮುದ್ರದಾಚೆಯ ಯಾವುದೋ ದೇಶದ ಕುಣಿತವಂತೆ. ಬಿರಬಿರನೆ ನಾಲ್ಕು ಹೆಜ್ಜೆ ನಡೆಯುತ್ತದೆ, ತಟ್ಟನೆ ನಿಲ್ಲುತ್ತದೆ, ಕತ್ತು ಹೊರಳಿಸಿ ಮತ್ತೆ ಹೊರಡುತ್ತದೆ. ವಾರಕ್ಕೊಮ್ಮೆ, ಬಿಸಿಲು ಇಳಿಯುವ ಹೊತ್ತಿಗೆ, ಬಂಡೆಯ ಬುಡದ ಬಯಲಿನಲ್ಲಿ ಕಚೇರಿ. ವಾರವಾರವೂ ಅದೇ ಮಟ್ಟು. ಆದರೂ ಕೇಳುವವರಿಗೆ ಒಂದು ದಿನವೂ ಬೇಸರವಾಗಲಿಲ್ಲ. ಜಿಂಕೆಗಳು ಬಾಯಲ್ಲಿದ್ದ ಹುಲ್ಲನ್ನು ಅಗಿಯುವುದು ಮರೆತು ನಿಲ್ಲುತ್ತಿದ್ದವು. ಆನೆ ಕಿವಿ ಬೀಸುತ್ತಿರಲಿಲ್ಲ. ಗಿಳಿಗಳು, ಅಬ್ಬಾ, ಆ ಗಿಳಿಗಳು ಕೂಡ ಬಾಯಿ ಮುಚ್ಚಿಕೊಂಡಿರುತ್ತಿದ್ದವು.

ಎಲ್ಲರಿಗೂ ಪ್ರಾಣವಾಗಿದ್ದದ್ದು ಮಾತ್ರ ನಡುವೆ ಬರುವ ಆ ನಿಲುಗಡೆ. ಕೆಂಚಪ್ಪ, ದುಗ್ಗಣ್ಣ, ಸಿಂಗಾರಿ ಮೂವರೂ ಒಟ್ಟಿಗೆ ಪೀಪಿಯಿಂದ ಬಾಯಿ ತೆಗೆಯುತ್ತಿದ್ದರು. ಆಗ ಚೌಡಕ್ಕನ ಒಂದೇ ಸ್ವರ ಸಣ್ಣಗೆ ಗುಂಯ್‌ಗುಡುತ್ತ ಉಳಿದಿರುತ್ತಿತ್ತು. ನಾಲ್ಕು ಎಣಿಸುವಷ್ಟು ಹೊತ್ತು ಕಾಡಿನ ಕಟ್ಟಳೆಯೆಲ್ಲ ಆ ಒಂದು ಸ್ವರದ ಮೇಲೆ ನಿಂತಿರುತ್ತಿತ್ತು. ಕೇಳುವವರು ಉಸಿರು ಬಿಗಿಹಿಡಿದು ಕಣ್ಣು ಮುಚ್ಚುತ್ತಿದ್ದರು. ಮೂವರೂ ಮತ್ತೆ ಒಟ್ಟಿಗೆ ಊದಿದಾಗ ಬಯಲೆಲ್ಲ "ಆಹಾ!" ಎನ್ನುತ್ತಿತ್ತು.

ಇದು ಇಡೀ ಕಾಡಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದವಳು ಚೌಡಕ್ಕ ಒಬ್ಬಳೇ! ಪೀಪಿಯನ್ನು ಹಲ್ಲಿಗೆ ಒತ್ತಿ ಊದುತ್ತಿದ್ದರೆ ಅವಳ ತಲೆಬುರುಡೆಯೆಲ್ಲ ಗುಂಯ್ ಎನ್ನುತ್ತಿತ್ತು. ಬೇರೆ ಯಾರ ದನಿಯೂ ಕೇಳಿಸುತ್ತಿರಲಿಲ್ಲ. ಕೆಂಚಪ್ಪನ ಕಾಲು ತಾಳ ಹಾಕುವುದನ್ನು ನೋಡಿಕೊಂಡು ಊದುತ್ತಿದ್ದಳು. ನಿಲುಗಡೆಯಲ್ಲೂ ಆ ಕಾಲು ತಾಳ ಹಾಕುತ್ತಲೇ ಇರುತ್ತಿತ್ತು. ಹಾಗಾಗಿ ಮೂವರೂ ಊದುತ್ತಲೇ ಇದ್ದಾರೆ ಎಂದುಕೊಂಡಿದ್ದಳು. ಕಲಿಸುವಾಗ ಕೆಂಚಪ್ಪ ಅವಳಿಗೆ ಹೇಳಿದ್ದು ಒಂದೇ ಮಾತು. "ನಿಲ್ಲಿಸಬೇಡ." ಯಾಕೆ ಎಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕೇಳುಗರಾದರೂ ಹೇಳಬಹುದಿತ್ತಲ್ಲ ಎಂದರೆ ಅದೂ ಆಗುವಂತಿರಲಿಲ್ಲ. ದನಿ ನಿಲ್ಲುವ ಮೊದಲೇ ಎಲ್ಲರೂ ಮನೆ ಸೇರಬೇಕಲ್ಲ! ಊದುವವರು ಊದುತ್ತಿರುವಾಗಲೇ ಕೇಳುವವರು ಹೊರಟುಬಿಡುತ್ತಿದ್ದರು.

ಚೌಡಕ್ಕ ಮೊದಲೇ ಪುಕ್ಕಲಿ. ಕೇಳುಗರು ಕಣ್ಣು ಮುಚ್ಚಿದರೆ ನಿದ್ದೆ ಬಂದಿದೆ ಎಂದುಕೊಳ್ಳುತ್ತಿದ್ದಳು. ಬಾಯಿ ತೆರೆದರೆ ಆಕಳಿಕೆ ಎಂದುಕೊಳ್ಳುತ್ತಿದ್ದಳು. ಎದ್ದು ಹೊರಟರೆ, ಅಯ್ಯೋ, ನನ್ನ ಕಾಟ ತಡೆಯಲಾರದೆ ಹೋಗುತ್ತಿದ್ದಾರೆ ಎಂದುಕೊಳ್ಳುತ್ತಿದ್ದಳು. ಕಚೇರಿ ಮುಗಿಸಿ ಬಿಲಕ್ಕೆ ಬಂದರೆ ಗೆಣಸು ಮುಟ್ಟದೆ ಮಲಗಿಬಿಡುತ್ತಿದ್ದಳು.

ಇದನ್ನೆಲ್ಲ ಒಬ್ಬ ಗಮನಿಸುತ್ತಿದ್ದ. ಅವನೇ ನರಿ ಸಿಂಗ್ರಯ್ಯ. ಅವನು ಪ್ರತಿ ಕಚೇರಿಗೂ ಬಂದು ಮೊಲದ ಕೆಂಪಿಯ ಪಕ್ಕದಲ್ಲೇ ಕೂರುತ್ತಿದ್ದ. ಕೆಂಪಿಯ ಮಡಿಲಲ್ಲಿ ದುಂಡಗಿನ ಮರಿಯೊಂದಿತ್ತು. ಅದರ ಮೈಯ ವಾಸನೆ ಮೂಗಿಗೆ ಬಡಿದರೂ ಮುಟ್ಟುವಂತಿಲ್ಲ. ದನಿ ನಿಂತರೆ ತಾನೇ? ಆ ನಾಲ್ಕು ಎಣಿಕೆಯಲ್ಲಿ ಚೌಡಕ್ಕ ಒಬ್ಬಳು ಪೀಪಿಯಿಂದ ಬಾಯಿ ತೆಗೆದರೆ ಸಾಕು ಎಂದು ಅವನಿಗೆ ಹೊಳೆಯಿತು. ಮಾರನೆಯ ದಿನ ಬೆಳಿಗ್ಗೆಯೇ ಚೌಡಕ್ಕನ ಬಿಲದ ಬಾಗಿಲಿಗೆ ಬಂದ. ಅವಳು ಕರಟದ ನೀರಿನಲ್ಲಿ ಪೀಪಿ ನೆನೆಸುತ್ತಿದ್ದಳು.

"ಏನಕ್ಕಾ, ಚೆನ್ನಾಗಿದ್ದೀಯಾ?"

"ಹೀಗಿದೀನಪ್ಪ. ನಿನ್ನೆ ಕಚೇರಿಗೆ ಬಂದಿದ್ದೆಯಲ್ಲ, ಹೇಗಿತ್ತೋ?" ಎಂದಳು ಚೌಡಕ್ಕ.

ಸಿಂಗ್ರಯ್ಯ ನಿಟ್ಟುಸಿರು ಬಿಟ್ಟ. ಆ ಕಡೆ ನೋಡಿದ, ಈ ಕಡೆ ನೋಡಿದ. "ಬಿಡಕ್ಕ. ಸುಮ್ನೆ ಯಾಕೆ ಬೇಜಾರು ಮಾಡ್ಕೋತೀಯಾ."

"ಏನಂದ್ರು? ಹೇಳೋ ಮಾರಾಯ!"

"ಕೆಂಚಪ್ಪಣ್ಣಂದು ಬಾಳ ಸೊಗಸಾಗಿತ್ತಂತೆ. ದುಗ್ಗಣ್ಣಂದೂ ಚೆನ್ನಾಗಿತ್ತಂತೆ. ಸಿಂಗಾರಿ ಬೆರಳು ಓಡೋದು ನೋಡೋಕೆ ಎರಡು ಕಣ್ಣು ಸಾಲದಂತೆ."

"ನಂದು?"

"ನಿಂದು... ಹಿಂದ್ಗಡೆ ಅದೇನೋ ಗುಂಯ್ ಅಂತಿದೆಯಲ್ಲ, ಮರದಲ್ಲಿ ಹೆಜ್ಜೇನು ಕಟ್ಟಿದೆಯಾ ಅಂತ ಆನೆ ಕೇಳ್ತು. ಇಲ್ಲ ಸ್ವಾಮಿ, ಅದು ನಮ್ಮ ಚೌಡಕ್ಕ ಅಂತ ನಾನೇ ಹೇಳ್ದೆ. ಎಲ್ಲರೂ ನಕ್ಕುಬಿಟ್ರು. ನಂಗೆ ಹೊಟ್ಟೆ ಉರಿದುಹೋಯ್ತು ಕಣಕ್ಕ."

ಚೌಡಕ್ಕ ನೆನೆಯುತ್ತಿದ್ದ ಪೀಪಿಯನ್ನು ಕರಟದಿಂದ ತೆಗೆದು ಪಕ್ಕಕ್ಕಿಟ್ಟಳು.

"ಇನ್ನೊಂದು ಮಾತು. ನಾನು ಹೇಳ್ದೆ ಅಂತ ಹೇಳ್ಬೇಡ. ನಿನ್ನ ಬಸೂನನ್ನ ಪುನುಗಿನ ಬೆಕ್ಕಿಗೆ ಕೊಡಬೇಕು ಅಂತ ಮಾತು ನಡೀತಿದೆ."

"ಕೆಂಚಪ್ಪಣ್ಣ ಹಾಗಂದ್ರಾ?"

"ಯಾರಂದ್ರು ಅಂತ ನಾನು ಹೇಳಲ್ಲ. ನಂಗ್ಯಾಕೆ ಇಲ್ಲದ ಉಸಾಬರಿ? ನಂಬಿಕೆ ಇಲ್ಲದಿದ್ರೆ ನೀನೇ ಕೇಳ್ಕೋ. ಮುಂದಿನ ಕಚೇರೀಲಿ ಜನ ಮೂರನೇ ಸಲ ಕಣ್ಣು ಮುಚ್ತಾರಲ್ಲ, ಆಗ ನಾಲ್ಕು ಎಣಿಸೋವಷ್ಟು ಹೊತ್ತು ಪೀಪಿಯಿಂದ ಬಾಯಿ ತೆಗಿ. ಜನ ಏನು ಮಾತಾಡ್ತಾರೆ ಅಂತ ನಿನ್ನ ಕಿವಿಗೇ ಬೀಳುತ್ತೆ."

"ನಿಲ್ಲಿಸಬೇಡ ಅಂದಿದ್ದಾರಲ್ಲೋ. ಕಟ್ಟಳೆ ಬೇರೆ ಇದೆ."

"ಮೂರು ಬಸೂನು ಮೊಳಗ್ತಿರುವಾಗ ನಿಂದೊಂದು ನಿಂತ್ರೆ ಕಟ್ಟಳೆಗೆ ಏನಾಗುತ್ತಕ್ಕ? ಊದಿದ್ದೇ ಯಾರಿಗೂ ಗೊತ್ತಾಗ್ತಿಲ್ಲ, ನಿಲ್ಲಿಸಿದ್ದು ಗೊತ್ತಾಗುತ್ತಾ?" ಎಂದು ಸಿಂಗ್ರಯ್ಯ ಎದ್ದು ಬಾಲ ಬೀಸಿಕೊಂಡು ಹೋದ.

ಆ ವಾರವೆಲ್ಲ ಚೌಡಕ್ಕ ಚೌಡಕ್ಕನಾಗಿರಲಿಲ್ಲ. ದಾರಿಯಲ್ಲಿ ಆನೆ ಕಂಡರೆ ಪೊದೆಯ ಹಿಂದೆ ಅವಿತುಕೊಂಡಳು. ಪುನುಗಿನ ಬೆಕ್ಕು ಸುಮ್ಮನೆ ಮೀಸೆ ನೆಕ್ಕಿಕೊಂಡರೂ, ನನ್ನ ಪೀಪಿಗೆ ಬಾಯಿ ಸಿದ್ಧಮಾಡುತ್ತಿದ್ದಾನೆ ಅನ್ನಿಸಿತು. ಕೆಂಚಪ್ಪನನ್ನೇ ಕೇಳಿಬಿಡೋಣ ಎಂದು ಎರಡು ಸಲ ಅವನ ಗುಹೆಯವರೆಗೆ ಹೋದಳು. ಎರಡು ಸಲವೂ ಬಾಗಿಲಿಂದಲೇ ತಿರುಗಿ ಬಂದಳು. ಹೌದು, ನಿನ್ನ ಬಸೂನು ಕೊಟ್ಟುಬಿಡು ಎಂದರೆ ಏನು ಮಾಡುವುದು? ಅದೊಂದನ್ನು ಬಿಟ್ಟರೆ ಅವಳಿಗೆ ಲೋಕದಲ್ಲಿ ಬೇರೇನಿತ್ತು? ಕೇಳಿದ್ದರೆ ಕರಡಿ ಬಿದ್ದು ಬಿದ್ದು ನಗುತ್ತಿದ್ದ. ಹೆದರಿಕೆ ಅಷ್ಟು ಸುಲಭಕ್ಕೆ ಬಾಯಿ ಬಿಡಲು ಬಿಡುತ್ತದೆಯೇ!

ಕಚೇರಿಯ ದಿನ ಬಂತು. ಬಯಲು ತುಂಬಿತು. ಮುಂದಿನ ಸಾಲಿನಲ್ಲಿ ಕೆಂಪಿ, ಅವಳ ಮಡಿಲಲ್ಲಿ ಮರಿ, ಪಕ್ಕದಲ್ಲಿ ಸಿಂಗ್ರಯ್ಯ. ಅವನ ಹಿಂದಿನ ಬಂಡೆಯ ಮೇಲೆ ಎಂದಿನಂತೆ ಚಿರತೆ ಕಾಲು ಇಳಿಬಿಟ್ಟು ಮಲಗಿತ್ತು. ಟ್ಯಾಂಗೊ ಹೊರಟಿತು. ಚೌಡಕ್ಕನ ಅಂಗೈ ಬೆವರಿ ಕೊಳವೆ ಜಾರುತ್ತಿತ್ತು.

ಮೊದಲನೆಯ ನಿಲುಗಡೆ ಬಂತು. ಕೇಳುಗರೆಲ್ಲ ಕಣ್ಣು ಮುಚ್ಚಿದರು. ನೋಡು, ನಿದ್ದೆ, ಎಂದುಕೊಂಡಳು ಚೌಡಕ್ಕ. ಎರಡನೆಯದು ಬಂತು. ಸಿಂಗ್ರಯ್ಯ ಒಬ್ಬ ಮಾತ್ರ ಕಣ್ಣು ತೆರೆದುಕೊಂಡು ಅವಳನ್ನೇ ನೋಡುತ್ತಿದ್ದ. ಆಗಿನಿಂದ ಈಗಕ್ಕೆ ಅವನು ಕೆಂಪಿಯ ಹತ್ತಿರ ಒಂದು ಗೇಣು ಸರಿದಿದ್ದ. ಯಾಕೆ ಸರಿದ? ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಬೇಡ, ನಿಲ್ಲಿಸುವುದು ಬೇಡ ಎಂದು ಒಂದು ಮನಸ್ಸು. ಜನ ಏನನ್ನುತ್ತಾರೋ ಒಂದು ಸಲ ಕೇಳಿಬಿಡು ಎಂದು ಇನ್ನೊಂದು ಮನಸ್ಸು. ಕೆಂಚಪ್ಪನ ಕಾಲು ತಾಳ ಹಾಕುತ್ತಲೇ ಇತ್ತು. ಮೂರನೆಯ ನಿಲುಗಡೆ ಬಂದೇಬಿಟ್ಟಿತು, ಕೇಳುಗರು ಮೂರನೆಯ ಸಲ ಕಣ್ಣು ಮುಚ್ಚಿದರು.

ಚೌಡಕ್ಕ ಪೀಪಿಯಿಂದ ಬಾಯಿ ತೆಗೆದಳು.

ಒಂದು ಸದ್ದೂ ಇರಲಿಲ್ಲ. ಆನೆ ನಗುತ್ತಿರಲಿಲ್ಲ, ಯಾರೂ ಪಿಸುಗುಟ್ಟುತ್ತಿರಲಿಲ್ಲ. ಮುಖ್ಯವಾಗಿ, ಇನ್ನೊಂದು ಬಸೂನೂ ಮೊಳಗುತ್ತಿರಲಿಲ್ಲ! ಅವಳು ತಿರುಗಿ ನೋಡಿದಳು. ಮೂವರ ಬಾಯಿಯೂ ಪೀಪಿಯಿಂದ ಆಚೆ ಇತ್ತು. ಮೂವರೂ ಕಣ್ಣು ಕಣ್ಣು ಬಿಡುತ್ತ ಅವಳನ್ನೇ ನೋಡುತ್ತಿದ್ದರು. ಚೌಡಕ್ಕನಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು.

ಅಷ್ಟರಲ್ಲಿ ಸಿಂಗ್ರಯ್ಯ ಹಾರಿದ್ದ. ಕೆಂಪಿ ಕಿರುಚಿದಳು. ಮರಿ ಮಡಿಲಿಂದ ಉರುಳಿ ನರಿಯ ಮುಂಗಾಲಿನ ಕೆಳಗೆ ಸಿಕ್ಕಿಕೊಂಡಿತು. ನರಿ ಬಾಯಿ ತೆರೆದ. ಆದರೆ ಆ ಬಾಯಿ ಮರಿಯನ್ನು ಮುಟ್ಟಲಿಲ್ಲ. ಬಂಡೆಯ ಮೇಲಿಂದ ಚಿರತೆ ಧೊಪ್ಪನೆ ಅವನ ಬೆನ್ನಿಗೆ ಬಿತ್ತು. ದನಿ ನಿಂತಿದ್ದು ನರಿಯೊಬ್ಬನಿಗೇ ಏನು? ಚಿರತೆಗೂ ನಿಂತಿತ್ತು. ನರಿ ವಾರಗಟ್ಟಲೆ ಪಕ್ಕದ ಮರಿಯನ್ನೇ ನೋಡುತ್ತಿದ್ದ. ಹಿಂದೆ ಮಲಗಿದ್ದವರು ವಾರಗಟ್ಟಲೆ ತನ್ನನ್ನೇ ನೋಡುತ್ತಿದ್ದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

"ಊದಕ್ಕಾ!" ಸಿಂಗ್ರಯ್ಯ ಅರಚಿದ. "ಚೌಡಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಊದು! ನೀನೊಬ್ಬಳು ಊದಿದ್ರೆ ಸಾಕು!"

ಕೆಂಚಪ್ಪ ಬಸೂನನ್ನು ಕೆಳಗೆ ಬೀಳಿಸಿಬಿಟ್ಟಿದ್ದ. ದುಗ್ಗಣ್ಣ ಕಲ್ಲಾಗಿದ್ದ. ಸಿಂಗಾರಿ ಮರ ಹತ್ತಿಯಾಗಿತ್ತು. ಚೌಡಕ್ಕನಿಗೆ ಆಗ ಒಂದು ಕ್ಷಣ, ಸುಮ್ಮನಿದ್ದುಬಿಡೋಣ ಅನ್ನಿಸಿತು. ಅನ್ನಿಸಲಿಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಆದರೆ ನರಿಯ ಕಾಲಿನ ಸಂದಿನಿಂದ ಪುಟ್ಟ ಕಿವಿಯೊಂದು ಹೊರಗೆ ಕಾಣುತ್ತಿತ್ತು. ಅದು ನಡುಗುತ್ತಿತ್ತು. ಅವಳು ಪೀಪಿಗೆ ಬಾಯಿ ಹಚ್ಚಿದಳು. ತುಟಿ ಒಣಗಿತ್ತು, ಬರೀ ಗಾಳಿ ಬುಸ್ಸೆಂದಿತು. ಚಿರತೆಯ ಹಲ್ಲು ನರಿಯ ಕುತ್ತಿಗೆಗೆ ತಾಗಿತು. ಚೌಡಕ್ಕ ತುಟಿ ನೆಕ್ಕಿಕೊಂಡು, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಮತ್ತೆ ಊದಿದಳು.

ಗುಂಯ್ ಎಂದು ಸ್ವರ ಎದ್ದಿತು.

ಚಿರತೆ ಹಲ್ಲು ಹಿಂದಕ್ಕೆ ತೆಗೆಯಿತು. ನರಿಯೂ ಮುಂಗಾಲು ಎತ್ತಬೇಕಾಯಿತು. ಮರಿ ಓಡಿಹೋಗಿ ತಾಯಿಯ ಹೊಟ್ಟೆಯಡಿ ನುಸುಳಿತು. ಕಾಡಿಗೆ ಕಾಡೇ ಬಿಟ್ಟ ಉಸಿರು ಎಲೆಗಳನ್ನು ಅಲ್ಲಾಡಿಸಿತು.

"ನಿಲ್ಲಿಸಬೇಡ ತಾಯಿ," ಎಂದು ಕೆಂಚಪ್ಪ ಅವಳ ಕಿವಿಗೇ ಬಾಯಿಟ್ಟು ಕೂಗಿದ. "ನಮ್ಮ ಮೂವರಲ್ಲಿ ಯಾರು ನಿಲ್ಲಿಸಿದರೂ ನಡೆಯುತ್ತೆ. ನೀನು ನಿಲ್ಲಿಸಿದ್ರೆ ನಡೆಯಲ್ಲ. ಇದನ್ನ ಮೊದಲೇ ನಿಂಗೆ ಬಿಡಿಸಿ ಹೇಳಬೇಕಿತ್ತು. ನನ್ನದೇ ತಪ್ಪು."

ಚೌಡಕ್ಕ ಕೆನ್ನೆಯಲ್ಲಿ ಗಾಳಿ ಹಿಡಿದು, ಮೂಗಿನಿಂದ ಉಸಿರೆಳೆದು ಊದುತ್ತಲೇ ಇದ್ದಳು. ಮೊದಲು ಸಣ್ಣವರು ಹೊರಟರು. ಕೆಂಪಿ ಮರಿಯನ್ನು ಕಚ್ಚಿಕೊಂಡು ಅವಳ ಮುಂದೆ ಹಾದುಹೋಗುವಾಗ ನಿಂತು, ಕಣ್ತುಂಬ ನೋಡಿ ಹೋದಳು. ಜಿಂಕೆಗಳು ತಲೆ ಬಾಗಿಸಿ ಹೋದವು. ಆನೆ ಅವಳ ಕಿವಿಯ ಹತ್ತಿರ ಬಗ್ಗಿ, ಗಟ್ಟಿಯಾಗಿ, "ಇಷ್ಟು ದಿನ ನಾನು ಬರ್ತಿದ್ದದ್ದೇ ನಿಮ್ಮ ಈ ಒಂದು ಸ್ವರ ಕೇಳೋಕೆ ಕಣಮ್ಮ" ಎಂದು ಹೇಳಿ ಹೋಯಿತು. ಚೌಡಕ್ಕನ ಕಣ್ಣಲ್ಲಿ ನೀರು ಬಂತು. ಅಳುವುದಕ್ಕೂ ಬಿಡುವಿರಲಿಲ್ಲ.

ಕೊನೆಗೆ ಬಯಲಿನಲ್ಲಿ ಚಿರತೆ ಮತ್ತು ನರಿ ಇಬ್ಬರೇ ಉಳಿದರು. ಸಿಂಗ್ರಯ್ಯನ ಹಿಂಗಾಲು ಮುರಿದಿತ್ತು, ಬೆನ್ನಿನ ಚರ್ಮ ಕಿತ್ತಿತ್ತು. ಅವನ ಬಿಲ ಹಳ್ಳದಾಚೆಗಿತ್ತು. ಅವನು ಒಂದೊಂದೇ ಹೆಜ್ಜೆ ಕುಂಟುತ್ತ ಹೊರಟ. ಚಿರತೆ ಅವನ ಹಿಂದೆ, ಅವನಷ್ಟೇ ನಿಧಾನವಾಗಿ ನಡೆಯಿತು. ಅದಕ್ಕೇನೂ ಅವಸರವಿರಲಿಲ್ಲ. ಚೌಡಕ್ಕನ ತುಟಿ ಊದಿಕೊಂಡಿತ್ತು, ಎದೆ ಉರಿಯುತ್ತಿತ್ತು. ಸ್ವರ ಒಂದೆರಡು ಸಲ ತೆಳ್ಳಗಾಯಿತು. ತೆಳ್ಳಗಾದಾಗಲೆಲ್ಲ ನರಿ ನಿಂತ ಕಡೆಯೇ ಕುಸಿದು ಹೋಗುವಂತಾದ. ಅವಳು ಮತ್ತೆ ಗಾಳಿ ಕೂಡಿಸಿ ಊದಿದಳು. ಅವನು ಮತ್ತೆ ಹೆಜ್ಜೆ ಎತ್ತಿದ. ಬಿಲ ಸೇರುವ ತನಕ ಅವನು ಎರಡೂ ಕಿವಿಗಳನ್ನು ಹಿಂದಕ್ಕೆ ತಿರುಗಿಸಿಕೊಂಡೇ ನಡೆದ. ಆ ಸ್ವರವನ್ನು ಅಷ್ಟು ಗಮನವಿಟ್ಟು ಕೇಳಿದವರು ಆ ಕಾಡಿನಲ್ಲಿ ಅದುವರೆಗೆ ಯಾರೂ ಇರಲಿಲ್ಲ.

ನೀತಿ: ಇನ್ನೊಬ್ಬರ ಕೆಲಸವನ್ನು ಕೆಲಸಕ್ಕೆ ಬಾರದ್ದೆಂದು ಹಳಿದು ನಿಲ್ಲಿಸಲು ಹೊರಟವನು, ತನ್ನನ್ನು ಕಾಯುತ್ತಿರುವುದೂ ಅದೇ ಕೆಲಸ ಎಂಬುದನ್ನು ಅದು ನಿಂತ ಮೇಲೆಯೇ ತಿಳಿಯುತ್ತಾನೆ.